ಎರಡೂ ಎಡ

ನಮ್ಮ ಶಾಲೆಯ ಹೊಲಿಗೆ ಟೀಚರ್ ಎಡಗೈಯವರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಬೇಸಿಗೆ ರಜೆಯಲ್ಲಿ ನಾವು ಮೂವರು, ಮೂವರೂ ಸಂಬಳ ತೆಗೆದುಕೊಂಡು ಪರರ ಮಕ್ಕಳಿಗೆ ಬುದ್ಧಿ ಹೇಳುವವರು, ಈ ಒಂದು ಸಂಗತಿಯನ್ನು ಕಣ್ಣ ಮುಂದೆಯೇ ಇಟ್ಟುಕೊಂಡು ಕುರುಡರಾದೆವು. ಆಮೇಲೆ ತಲೆ ಕೆರೆದುಕೊಂಡಿದ್ದೇ ಕೆರೆದುಕೊಂಡಿದ್ದು.

ನಾನು ಅದೇ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ಟೀಚರ ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಒಂಬತ್ತು ವರ್ಷದಿಂದ ಬಾಡಿಗೆಗಿದ್ದೇನೆ. ಯಾರಾದರೂ ಪುಸ್ತಕವನ್ನು ತಲೆಕೆಳಗಾಗಿ ಇಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವುದು ಎಲ್ಲಿರಬೇಕೋ ಅಲ್ಲಿರಬೇಕು ಎನ್ನುವ ಸ್ವಭಾವ ನನ್ನದು. ಕೆಳಗಿನ ಮನೆಯಲ್ಲಿ ಟೀಚರ್ ಮತ್ತು ಅವರ ಗಂಡ ಡ್ರಿಲ್ ಮೇಷ್ಟ್ರು. ಮೇಷ್ಟ್ರು ಮೂವತ್ತೊಂದು ವರ್ಷದಿಂದ ಅದೇ ಮೈದಾನದಲ್ಲಿ ನಿಂತು ಮಕ್ಕಳಿಗೆ ಎಡ-ಬಲ ಹೇಳಿಕೊಡುತ್ತಿರುವವರು. ದನಿ ಎಷ್ಟು ದೊಡ್ಡದೆಂದರೆ ಮನೆಯಲ್ಲಿ ಅವರು ಟವೆಲ್ ಕೇಳಿದರೆ ಮಹಡಿಯಲ್ಲಿದ್ದ ನಾನು ಎದ್ದು ನಿಲ್ಲುತ್ತೇನೆ. ಆದರೆ ಹೆಂಡತಿಯ ಮುಂದೆ ಮಾತ್ರ ಬೆಕ್ಕಿನ ಮರಿ.

ಟೀಚರು ಕಡಿಮೆ ಮಾತಿನವರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ತಪ್ಪಾದರೆ ಏನಾದರೂ ಹೆಣೆದು ಕೊಟ್ಟುಬಿಡುತ್ತಿದ್ದರು. ಒಮ್ಮೆ ನನ್ನ ಮೇಲೆ ಸುಮ್ಮಸುಮ್ಮನೆ ರೇಗಿ, ವಾರದ ಮೇಲೆ ಮೆಟ್ಟಿಲ ಹತ್ತಿರ ಒಂದು ಜೊತೆ ಕಾಲುಚೀಲ ಇಟ್ಟು ಹೋಗಿದ್ದರು. ಹೆಡ್‌ಮಾಸ್ಟರರ ಜೊತೆ ಜಗಳವಾಡಿ ಅವರಿಗೊಂದು ಮಫ್ಲರ್ ಕೊಟ್ಟಿದ್ದರು. ಪ್ರತಿ ಬೇಸಿಗೆ ರಜೆಯಲ್ಲೂ ಫ್ಯಾನಿನ ಕೆಳಗೆ ಕೂತು, ಹಣೆಯ ಬೆವರು ಒರೆಸಿಕೊಳ್ಳುತ್ತ ಉಲ್ಲನ್ ಹೆಣೆಯುವುದು ಅವರ ಪದ್ಧತಿ. ಈ ಸೆಕೆಯಲ್ಲಿ ಯಾರಾದರೂ ಸ್ವೆಟರ್ ಹಾಕುತ್ತಾರೆಯೇ ಎಂದು ಕೇಳಿದರೆ, "ಚಳೀಲಿ ಶುರು ಮಾಡಿದರೆ ಚಳಿ ಹೋದ ಮೇಲೆ ಮುಗಿಯುತ್ತೆ" ಎನ್ನುತ್ತಿದ್ದರು. 

ಮಕ್ಕಳಿಗೆ ಅವರು ಕಲಿಸುವ ರೀತಿಯೂ ಬೇರೆ. ಎಡಗೈಯವರು ಹೇಳಿಕೊಟ್ಟರೆ ಬಲಗೈ ಮಕ್ಕಳಿಗೆ ಗೊಂದಲ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಆಕ್ಷೇಪ ಎತ್ತಿದ್ದರಂತೆ. ಟೀಚರು ಅದಕ್ಕೊಂದು ಉಪಾಯ ಕಂಡುಕೊಂಡರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. "ಕನ್ನಡಿ ನೋಡಿದ ಹಾಗೆ ನನ್ನನ್ನ ನೋಡು. ನನ್ನ ಕೈ ಏನು ಮಾಡುತ್ತೋ ಅದನ್ನೇ ಮಾಡು." ಅವರ ಎಡಗೈ ಎದುರಿಗೆ ಮಗುವಿನ ಬಲಗೈ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಮಕ್ಕಳು ಹೀಗೆ ಕಲಿತು ಕರವಸ್ತ್ರ ಮಡಿಚಿ ಹೊಲಿದರು, ಗುಂಡಿ ಹಚ್ಚಿದರು, ಮಫ್ಲರ್ ಹೆಣೆದರು. ಕರವಸ್ತ್ರಕ್ಕಾಗಲಿ ಮಫ್ಲರಿಗಾಗಲಿ ಎಡ-ಬಲ ಇರುವುದಿಲ್ಲ ಎಂಬುದು ಆಗ ಯಾರಿಗೂ ಮುಖ್ಯವಾಗಿ ಕಾಣಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಆಕೆ ರಬ್ಬರ್ ಸ್ಟಾಂಪ್ ಮಾಡುವ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಒಂದು ಗಂಟೆ ಬಸ್ ದಾರಿಯ ಪಕ್ಕದ ಊರಿನಲ್ಲಿ ಬೀರುವಿನಷ್ಟು ಅಗಲದ ಅಂಗಡಿ ಅವನದು. ಟೀಚರಿಗೆ ಸಿಟ್ಟು ನೆತ್ತಿಗೇರಿತು. ಓದಿಸಿ ಬೆಳೆಸಿದ ಮಗಳು ರಬ್ಬರ್ ಕೊರೆಯುವವನ ಜೊತೆ ಹೋಗುವುದೇ? ಆ ಹುಡುಗ ಮಾತಾಡಲೆಂದು ಮನೆಗೆ ಬಂದು ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದ. ಒಳಗಿನಿಂದ ಟೀಚರು ಕೂಗಿದ್ದು ನನ್ನ ಮಹಡಿಗೂ ಕೇಳಿಸಿತು: "ಅವನು ಈ ಮನೆಗೆ ಕಾಲಿಟ್ಟರೆ ನಾನು ಆಚೆ ಹೋಗ್ತೀನಿ!" ಅವನು ಬಂದ ದಾರಿಯಲ್ಲೇ ವಾಪಸಾದ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಮೇಷ್ಟ್ರು ಒಬ್ಬರೇ ಹೋಗಿ ಸಹಿ ಹಾಕಿ ಬಂದರು.

ಅಲ್ಲಿಂದೀಚೆಗೆ ಮಗಳು ಎರಡು ತಿಂಗಳಿಗೊಮ್ಮೆ ನನ್ನ ಲೈಬ್ರರಿಗೆ ಬರುತ್ತಿದ್ದಳು. ದಿನಪತ್ರಿಕೆಗಳ ಮೇಜಿನ ಆಚೆ ಅವಳು, ಈಚೆ ಅಪ್ಪ. ಸದ್ದು ಮಾಡಬಾರದು ಎಂಬ ನಿಯಮವಿರುವ ಜಾಗದಲ್ಲಿ ಮೇಷ್ಟ್ರು ಪಿಸುಗುಡಲು ಪಡುವ ಪಾಡು ನೋಡಿ ನನಗೆ ನಗುವೂ ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು. ಹೊಲಿಗೆ ತರಗತಿ ಅಲ್ಲಿಂದ ಮೂರನೆಯ ಬಾಗಿಲು. ಅಮ್ಮ ಒಂದು ದಿನವೂ ಬರಲಿಲ್ಲ.

ಹೀಗಿರುವಾಗ ಈ ವರ್ಷ ಪರೀಕ್ಷೆ ಮುಗಿದ ದಿನ ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ನನ್ನ ಮನೆಗೆ ಬಂದರು.

"ಲೈಬ್ರರಿಯವರೇ, ನನ್ನ ಕಿವಿ ಸರಿಯಿದೆಯಾ ನೋಡಿ. ಇವಳು ಹೇಳ್ತಾಳೆ, ರಜೆಯ ಕೊನೇ ಭಾನುವಾರ ಬರೋಕೆ ಹೇಳಿ ಅಂತ. ಇಬ್ಬರಿಗೂ ಅಂತ!"

"ಯಾಕಂತೆ?"

"ಅದನ್ನ ಕೇಳೋ ಧೈರ್ಯ ನಿಮಗಿದ್ದರೆ ನೀವೇ ಕೇಳಿ."

ನನಗೂ ಇರಲಿಲ್ಲ. ಮೇಷ್ಟ್ರು ಮಗಳಿಗೆ ಫೋನ್ ಮಾಡಿ ಹೇಳಿದರು. ಅವಳು ಮೂರು ಸಲ ನಿಜವಾ ಎಂದು ಕೇಳಿ ಅತ್ತಳಂತೆ.

ರಜೆಯ ಮೊದಲ ಸೋಮವಾರ ಟೀಚರು ಅಟ್ಟದ ಮೇಲಿನ ತಗಡಿನ ಡಬ್ಬ ಇಳಿಸಲು ಸ್ಟೂಲ್ ಹತ್ತಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಅಲ್ಲಾಡಿಸಕೂಡದು ಎಂದರು. ಮನೆಗೆ ಬಂದ ಟೀಚರು ಮಂಚದ ಮೇಲೆ ಗೋಡೆಗೊರಗಿ ಕೂತರು. ನಾನು ನೀರು ಕೊಡಲು ಹೋದೆ. ಅಷ್ಟರಲ್ಲಿ ಅವರು ಗಂಡನಿಗೆ ಹೇಳಿದರು.

"ಅವರಿಗೆ ಬರೋದು ಬೇಡ ಅಂತ ಫೋನ್ ಮಾಡಿ."

ಮೇಷ್ಟ್ರ ಮುಖ ಇಳಿದುಹೋಯಿತು. "ಅವರು ಬರೋದಕ್ಕೂ ನಿನ್ನ ಕೈಗೂ ಏನೇ ಸಂಬಂಧ?"

ಟೀಚರು ಗಲ್ಲದಿಂದಲೇ ಡಬ್ಬದತ್ತ ತೋರಿಸಿದರು. ನಾನೇ ಮುಚ್ಚಳ ತೆಗೆದೆ. ಒಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಾಟಲ್ ಗ್ರೀನ್ ಬಣ್ಣದ, ಮುಂದೆ ಗುಂಡಿ ಹಾಕುವಂಥ ಸ್ವೆಟರ್, ಬಿಡಿ ಬಿಡಿಯಾಗಿ. ಬೆನ್ನು, ಎರಡು ತೋಳು, ಮುಂಭಾಗದ ಎಡ ಹೋಳು. ಬಲ ಹೋಳು ಇರಲಿಲ್ಲ. ಗಂಡಸಿನ ಅಳತೆ, ಮೇಷ್ಟ್ರದಲ್ಲ. ಹೋದ ಬೇಸಿಗೆಯಲ್ಲೇ ಇಷ್ಟು ಮಾಡಿ ಯಾರಿಗೂ ಹೇಳದೆ ಎತ್ತಿಟ್ಟಿದ್ದರು. ಉಳಿದ ಒಂದು ಹೋಳನ್ನು ಈ ರಜೆಯಲ್ಲಿ ಮುಗಿಸಿ ಅಳಿಯನ ಕೈಗೆ ಕೊಡಬೇಕೆಂದು ಲೆಕ್ಕ ಹಾಕಿಯೇ ಆ ಭಾನುವಾರ ಗೊತ್ತುಮಾಡಿದ್ದರು.

"ಬರಿಗೈಯಲ್ಲಿ ಯಾವ ಮುಖ ಇಟ್ಕೊಂಡು ಅವರ ಎದುರು ನಿಲ್ಲಲಿ? ಕೈ ವಾಸಿಯಾಗಲಿ, ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂದರೆ ಏನೆಂದು ನನಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಇಷ್ಟು ಬಾಗುವುದಕ್ಕೇ ಟೀಚರಿಗೆ ಮೂರು ವರ್ಷ ಹಿಡಿದಿತ್ತು. ಈ ಬಾಗಿಲು ಈಗ ಮುಚ್ಚಿದರೆ ಮತ್ತೆ ತೆರೆಯುವುದು ಅನುಮಾನವೇ. ಮೇಷ್ಟ್ರು ಎದ್ದು ನಿಂತು, ಮೈದಾನದಲ್ಲಿ ನಿಲ್ಲುವ ಹಾಗೆ ಎದೆ ಸೆಟೆಸಿದರು.

"ನಾನು ಹಾಕ್ತೀನಿ. ನೀನು ಹೇಳಿಕೊಡು."

ಟೀಚರು ಗಂಡನ ಬೆರಳುಗಳನ್ನು ನೋಡಿದರು. ಒಂದೊಂದು ಬೆರಳೂ ಕ್ರಿಕೆಟ್ ಸ್ಟಂಪಿನಷ್ಟಿತ್ತು. ನಗು ಬಂದರೂ ನಗಲಿಲ್ಲ. "ಮೊದಲು ಉಲ್ಲನ್ ತನ್ನಿ" ಎಂದರು.

ಉಲ್ಲನ್ ತರುವುದೇನು ಮಹಾ ಎಂದುಕೊಂಡು ನಾನೂ ಜೊತೆಗೆ ಹೊರಟೆ. ಟೀಚರು ಹಳೆಯ ಉಂಡೆಯ ಕಾಗದದ ಪಟ್ಟಿಯನ್ನೂ ಒಂದು ಮೊಳ ನೂಲನ್ನೂ ಕೊಟ್ಟಿದ್ದರು. ಬಿದ್ದಾಗ ಡಬ್ಬದಲ್ಲಿದ್ದ ಒಂದು ಹೆಣಿಗೆ ಕಡ್ಡಿಯೂ ಬಗ್ಗಿದ್ದರಿಂದ ಹತ್ತನೇ ನಂಬರಿನ ಒಂದು ಜೊತೆ ಕಡ್ಡಿ ತನ್ನಿ ಎಂದೂ ಹೇಳಿದ್ದರು. ಮೊದಲ ಅಂಗಡಿಯವನು ಹಸಿರು ಉಲ್ಲನ್ ಎಂದೊಡನೆ ಹದಿನಾಲ್ಕು ಥರದ ಹಸಿರು ಸುರಿದ. ಮೇಷ್ಟ್ರು ಟ್ಯೂಬ್‌ಲೈಟಿನ ಕೆಳಗೆ ನೂಲು ಹಿಡಿದು, "ಇದೇ!" ಎಂದರು. ರಸ್ತೆಗೆ ತಂದು ನೋಡಿದರೆ ಅದು ನೀಲಿಯ ಕಡೆಗಿತ್ತು. ಎರಡನೆಯ ಅಂಗಡಿಯಲ್ಲಿ ಹೊರಗೆ ಸರಿಯಾಗಿ ಕಂಡದ್ದು ಒಳಗೆ ಕಪ್ಪಾಗಿ ಕಂಡಿತು. ಮೂರನೆಯದರಲ್ಲಿ ಮೇಷ್ಟ್ರು, "ಲೈಬ್ರರಿಯವರೇ, ಹಸಿರು ಅಂದರೆ ಯಾವುದು ಅನ್ನೋದೇ ಮರೆತುಹೋಗ್ತಿದೆ" ಎಂದರು. ನನಗೆ ಆಗಲೇ ಮರೆತುಹೋಗಿತ್ತು.

ಐದನೆಯದು ಒಬ್ಬ ವಯಸ್ಸಾದ ಹೆಂಗಸಿನ ಅಂಗಡಿ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಕಾಗದದ ಪಟ್ಟಿ ನೋಡಿ ಕೇಳಿದರು.

"ಬಣ್ಣದ ನಂಬರ್ ಸಿಗುತ್ತೆ. ಲಾಟ್ ನಂಬರೂ ಇದೇ ಬೇಕಾ?"

"ಎರಡು ನಂಬರ್ ಯಾಕ್ರೀ ಒಂದು ಬಣ್ಣಕ್ಕೆ?" ಎಂದರು ಮೇಷ್ಟ್ರು.

"ಬಣ್ಣ ಒಂದೇ. ಆದರೆ ಒಂದು ಸಲ ಅದ್ದಿದ ನೂಲಿಗೂ ಮುಂದಿನ ಸಲ ಅದ್ದಿದ್ದಕ್ಕೂ ಚೂರು ಹೆಚ್ಚುಕಮ್ಮಿ ಇರುತ್ತೆ. ಕೈಯಲ್ಲಿ ಹಿಡಿದರೆ ಗೊತ್ತಾಗಲ್ಲ. ಹೆಣೆದ ಮೇಲೆ ಊರಿಗೆಲ್ಲ ಗೊತ್ತಾಗುತ್ತೆ."

ಅವರು ಒಳಗೆ ಹೋಗಿ ಹುಡುಕಿ, ಧೂಳು ಹಿಡಿದ ಒಂದು ಚೀಲದಿಂದ ಅದೇ ಲಾಟಿನ ನಾಲ್ಕು ಉಂಡೆ ತಂದರು. ಮೇಷ್ಟ್ರು ಅವರ ಕಾಲಿಗೆ ಬೀಳುವುದೊಂದು ಬಾಕಿ. ಆಮೇಲೆ ಕಡ್ಡಿಯ ಸರದಿ. ಹತ್ತನೇ ನಂಬರ್ ಕಡ್ಡಿ ನೋಡಿದ ಮೇಷ್ಟ್ರು, ಇದು ತೀರಾ ಸಣ್ಣ, ನನ್ನ ಕೈಗೆ ಇನ್ನಷ್ಟು ದಪ್ಪ ಇರಲಿ, ಹನ್ನೆರಡು ಕೊಡಿ ಎಂದರು.

"ಹನ್ನೆರಡು ಇನ್ನೂ ಸಣ್ಣ. ದಪ್ಪ ಬೇಕಂದರೆ ಎಂಟು."

"ಎಂಟಕ್ಕಿಂತ ಹತ್ತು ಸಣ್ಣದಾ?"

"ಹೌದು."

"ಹತ್ತಕ್ಕಿಂತ ಹನ್ನೆರಡು ಸಣ್ಣದು."

"ಹೌದು ಅಂದೆನಲ್ಲ."

ಮೇಷ್ಟ್ರು ಇಂಗು ತಿಂದ ಮಂಗನಂತೆ ನನ್ನ ಮುಖ ನೋಡಿದರು. ನಾನು ಆ ಕಡೆ ತಿರುಗಿ ಗುಂಡಿಗಳ ಡಬ್ಬ ನೋಡತೊಡಗಿದೆ. ಕೊನೆಗೆ ಟೀಚರ್ ಹೇಳಿದ ಹತ್ತನ್ನೇ ತೆಗೆದುಕೊಂಡು ಬಂದೆವು.

ಮರುದಿನದಿಂದ ಪಾಠ ಶುರು. ಕಿಟಕಿಯ ಹತ್ತಿರ ಎರಡು ಕುರ್ಚಿ, ಎದುರುಬದುರು. ಒಂದರಲ್ಲಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಟೀಚರು, ಇನ್ನೊಂದರಲ್ಲಿ ಬನಿಯನ್ ತೊಟ್ಟ ಮೇಷ್ಟ್ರು. ಕೈ ಆಡಿಸಿ ತೋರಿಸಲು ಆಗದ್ದರಿಂದ ಟೀಚರು ಬಾಯಲ್ಲೇ ಹೇಳುತ್ತಿದ್ದರು. ಚುಚ್ಚಿ, ಸುತ್ತಿ, ಎಳೆಯಿರಿ, ಬಿಡಿ. ಕಡ್ಡಿಯ ಮೇಲೆ ಸಾಲಾಗಿ ಕೂರುವ ಕುಣಿಕೆಗಳು ಮೇಷ್ಟ್ರ ಕೈಯಲ್ಲಿ ಮೊದಲ ವಾರ ಒಂದೊಂದಾಗಿ ಜಾರಿ ಬೀಳುತ್ತಿದ್ದವು. ಆಗೆಲ್ಲ ಮೇಷ್ಟ್ರು, ಸಾಲು ತಪ್ಪಿದ ಹುಡುಗನನ್ನು ಗದರಿಸುವ ಹಾಗೆ, "ಏಯ್, ನಿಲ್ಲು!" ಎಂದು ಕುಣಿಕೆಗೇ ಜೋರು ಮಾಡುತ್ತಿದ್ದರು. ಪಕ್ಕದ ಮನೆಯವರು ಒಮ್ಮೆ ಏನಾಯಿತೆಂದು ಕೇಳಲು ಬಂದರು.

ಎರಡನೆಯ ವಾರಕ್ಕೆ ಕೈ ಕುದುರಿತು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಹೀಗೆ ಹಾಕುತ್ತ ಹೋದರೆ ಒಂದು ಮೈ ನುಣ್ಣಗೆ, ಇನ್ನೊಂದು ಮೈ ಗಂಟುಗಂಟಾಗಿ ಬರುತ್ತದೆ. ನುಣುಪು ಹೊರಗೆ, ಗಂಟು ಒಳಗೆ. ಟೀಚರು ಎದುರಿನಿಂದ ನೋಡುತ್ತ, "ಥೇಟ್ ನನ್ನ ಕೈ ನೋಡಿದ ಹಾಗಿದೆ" ಎಂದರು. ಮೇಷ್ಟ್ರಿಗೆ ಆ ಮಾತು ಕೇಳಿ ಪದಕ ಸಿಕ್ಕಷ್ಟು ಖುಷಿ.

ಮೂರನೆಯ ವಾರ ಟೀಚರಿಗೆ ಕೈ ನೋವು, ಜ್ವರ. ಮಲಗಿದಲ್ಲಿಂದಲೇ ಅವರು ಹೇಳಿದ್ದನ್ನು ನಾನು ಲೈಬ್ರರಿಯ ಕಾರ್ಡಿನ ಮೇಲೆ ಬರೆದುಕೊಂಡೆ. ಬಲ ಹೋಳನ್ನು ತಾವು ಹೇಗೆ ಹೆಣೆಯುತ್ತಿದ್ದರೋ ಹಾಗೆಯೇ ಹೇಳಿದರು. ಸೀದಾ ಸಾಲು ಶುರುವಾಗುವ ಕಡೆ ತೋಳಿನ ಅಂಚು, ಮುಗಿಯುವ ಕಡೆ ಗುಂಡಿಯ ಅಂಚು. ಇಷ್ಟು ಸಾಲಾದ ಮೇಲೆ ತೋಳಿನ ಕಡೆ ಇಷ್ಟು ಕುಣಿಕೆ ಕಡಿಮೆ ಮಾಡಿ, ಆಮೇಲೆ ಕತ್ತಿನ ಕಡೆ ಇಷ್ಟು. ನಾನು ಒಂದಕ್ಷರ ಬಿಡದೆ ಬರೆದೆ. ಬರೆದದ್ದನ್ನು ಓದಿ ತೋರಿಸಿದೆ. ಅವರು ಸರಿ ಎಂದರು. ಮೇಷ್ಟ್ರು ಆ ಕಾರ್ಡನ್ನು ಮೊಣಕಾಲಿನ ಮೇಲಿಟ್ಟುಕೊಂಡು ಉಳಿದದ್ದನ್ನು ಮತ್ತೆ ಎರಡು ವಾರ ಒಬ್ಬರೇ ಹೆಣೆದರು. ಕೊನೆಯ ಕುಣಿಕೆ ಮುಗಿಸಿದಾಗ ಭಾನುವಾರಕ್ಕೆ ಎರಡು ದಿನ ಬಾಕಿಯಿತ್ತು.

ಶನಿವಾರ ಹೋಳುಗಳನ್ನು ಸೇರಿಸಿ ಹೊಲಿಯುವ ಕೆಲಸ ನನ್ನದು. ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ ಮೊದಲು ಬೆನ್ನು ಹರಡಿದೆ. ಅದರ ಮೇಲೆ ಎಡ ಹೋಳು ಇಟ್ಟೆ, ಸರಿಯಾಗಿ ಕೂತಿತು. ಬಲ ಹೋಳು ಇಟ್ಟೆ. ತೋಳಿಗಾಗಿ ಬಾಗಿದ ಅಂಚು ಎದೆಯ ನಡುವೆ ಬಂತು, ಗುಂಡಿ ಹಚ್ಚಬೇಕಾದ ಅಂಚು ಕಂಕುಳಿಗೆ ಹೋಯಿತು.

"ತಿರುಗಿಸಿ ಇಡಿ" ಎಂದರು ಮೇಷ್ಟ್ರು.

ಮಗುಚಿ ಇಟ್ಟೆ. ಅಂಚುಗಳು ಸರಿಯಾದವು, ಆದರೆ ಗಂಟು ಗಂಟಾದ ಒಳಮೈ ಹೊರಗೆ ಬಂತು. ಮತ್ತೆ ಮಗುಚಿದೆ. ಗಂಟು ಒಳಗೆ ಹೋಯಿತು, ಕಂಕುಳು ಎದೆಗೆ ಬಂತು. ತಲೆಕೆಳಗೆ ಮಾಡಿದೆ. ಕತ್ತು ಸೊಂಟಕ್ಕೆ ಬಂತು. ಮೇಷ್ಟ್ರು ಎರಡು ಹೋಳುಗಳನ್ನೂ ತಮ್ಮ ಎದೆಗೆ ಆನಿಸಿಕೊಂಡು ಕನ್ನಡಿಯ ಮುಂದೆ ನಿಂತರು. ಕನ್ನಡಿಯಲ್ಲಿ ಯಾವುದು ಎಡ ಯಾವುದು ಬಲ ಎಂದು ಅವರಿಗೇ ಗೊತ್ತಾಗದೆ, ಒಂದು ಕಾಲನ್ನು ನೆಲಕ್ಕೆ ಬಡಿದು "ಇದು ಎಡ" ಎಂದು ಖಚಿತ ಮಾಡಿಕೊಂಡರು. ಸಾವಿರಾರು ಮಕ್ಕಳ ಎಡ-ಬಲ ತಿದ್ದಿದ ಮನುಷ್ಯ ತಮ್ಮ ಸ್ವಂತ ಕಾಲನ್ನು ನಂಬದ ಸ್ಥಿತಿಗೆ ಬಂದಿದ್ದರು.

"ಎರಡೂ ಎಡ" ಎಂದರು ಟೀಚರು. ದನಿ ತೀರಾ ಸಣ್ಣದಾಗಿತ್ತು.

"ಅದು ಹೇಗೆ ಆಗುತ್ತೆ? ನೀನು ಹೇಳಿದ್ದನ್ನೇ ಮಾಡಿದೀನಿ. ಕಾರ್ಡ್ ಇದೆ ನೋಡು!"

ಕಾರ್ಡು ಓದಿದೆವು. ಒಂದೊಂದು ಸಾಲನ್ನೂ ಓದಿ ಒಂದೊಂದು ಸಾಲನ್ನೂ ಎಣಿಸಿದೆವು. ಟೀಚರು ಹೇಳಿದ್ದು ಸರಿ, ನಾನು ಬರೆದದ್ದು ಸರಿ, ಮೇಷ್ಟ್ರು ಹೆಣೆದದ್ದು ಸರಿ. ಬಂದದ್ದು ಮಾತ್ರ ತಪ್ಪು. ನನ್ನ ಜೀವಮಾನದಲ್ಲಿ ಅಷ್ಟು ಕಕ್ಕಾಬಿಕ್ಕಿಯಾದದ್ದು ಇನ್ನೊಂದು ಸಲ ಇಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಬೈಯಲು ಒಬ್ಬರಾದರೂ ಸಿಗುತ್ತಾರೆ. ಇಲ್ಲಿ ಅದೂ ಇರಲಿಲ್ಲ. ಬಿಚ್ಚಿ ಮತ್ತೆ ಹಾಕೋಣವೆಂದರೆ ವಾರಗಟ್ಟಲೆ ಕೆಲಸ, ಇರುವುದು ಒಂದು ರಾತ್ರಿ.

ಟೀಚರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಬರಬೇಡಿ ಅಂತ ಫೋನ್ ಮಾಡಿ" ಎಂದರು, ಮೊದಲ ದಿನ ಹೇಳಿದ ಅದೇ ಸ್ವರದಲ್ಲಿ.

ಮೇಷ್ಟ್ರು ಫೋನ್ ಹಿಡಿದು ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತರು. ನನ್ನನ್ನು ಕೂಗಿದರು. "ನನಗೇನೂ ತೋಚ್ತಿಲ್ಲ. ಮಾಡಿದರೆ ಮಗಳು ಸಾಯೋ ಹಾಗೆ ಅಳ್ತಾಳೆ. ಮಾಡದೇ ಇದ್ದರೆ ಇವಳು ನಾಳೆ ರೂಮಿನ ಬಾಗಿಲು ಹಾಕ್ಕೊಂಡು ಕೂರ್ತಾಳೆ. ನೀವೇನಂತೀರಿ?"

"ಮಾಡಬೇಡಿ" ಎಂದೆ. ಯಾಕೆ ಹಾಗೆಂದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಭಾನುವಾರ ಹತ್ತೂವರೆಗೆ ಮಗಳು ಬಂದಳು, ಒಬ್ಬಳೇ. ಮೇಷ್ಟ್ರು ಅವಳ ಹಿಂದೆ ಇಣುಕಿದರು. ಯಾರೂ ಇರಲಿಲ್ಲ. ಟೀಚರು ರೂಮಿನ ಬಾಗಿಲು ಹಾಕಿಕೊಂಡಿರಲಿಲ್ಲ. ಮಗಳನ್ನು ಕಂಡೊಡನೆ ಎದ್ದು ಕೂತರು. ಮಗಳು ಪ್ಲಾಸ್ಟರ್ ನೋಡಿ ಬಾಯಿಗೆ ಕೈ ಇಟ್ಟುಕೊಂಡು, "ಅಮ್ಮ, ಇದೇನು? ಅಪ್ಪ ಹೇಳಲೇ ಇಲ್ಲ!" ಎಂದು ಅಳಲು ಶುರುಮಾಡಿದಳು. ಟೀಚರೂ ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅವರು ಬರಲಿಲ್ವಾ?" ಎಂದರು.

ಮಗಳು ತಲೆ ತಗ್ಗಿಸಿದಳು. "ಬಂದಿದಾರೆ. ಎದುರಿನ ಬಸ್‌ಸ್ಟಾಪಲ್ಲಿ ಕೂತಿದಾರೆ. ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ ಅಂದರು. ಅವತ್ತು ನೀನು ಅಂದಿದ್ದು ಅವರಿಗೆ ಕೇಳಿಸಿತ್ತಮ್ಮ. ಅಪ್ಪ ಕರೆದರು ಅಂತ ಬಂದರೆ ಸಾಲದು, ಅತ್ತೆ ಬಾಯಲ್ಲಿ ಬರಬೇಕು ಅಂತಾರೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ."

ಕಿಟಕಿಯಿಂದ ನೋಡಿದೆ. ರಸ್ತೆಯಾಚೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ತೆಳ್ಳಗಿನವರೊಬ್ಬರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಳ್ಳಲು ಹೋದರು.

"ನೀವು ಇರಿ" ಎಂದರು ಟೀಚರು. ಮಂಚದ ಮೇಲಿದ್ದ ಎರಡು ಹಸಿರು ಹೋಳುಗಳನ್ನು ಬಲಗೈಯಲ್ಲಿ ಮುದ್ದೆ ಮಾಡಿ ಎತ್ತಿಕೊಂಡರು. "ಲೈಬ್ರರಿಯವರೇ, ಬಿಸಿಲು ಜಾಸ್ತಿ. ಕೊಡೆ ಹಿಡೀತೀರಾ?"

ಟೀಚರು ಎಡ-ಬಲ ನೋಡದೆ ರಸ್ತೆಗಿಳಿದರು. ಅವರು ಏನು ಹೇಳುತ್ತಾರೋ, ಅಳಿಯ ಏನು ಹೇಳುತ್ತಾರೋ ಎಂದುಕೊಳ್ಳುತ್ತ ನಾನು ಕೊಡೆ ಹಿಡಿದು ಜೊತೆಗೆ ಹೋದೆ. ನಮ್ಮನ್ನು ಕಂಡೊಡನೆ ಅಳಿಯ ಎದ್ದು ನಿಂತರು. ನಮಸ್ಕಾರ ಮಾಡಲೋ ಬೇಡವೋ ಎಂದು ಗೊತ್ತಾಗದೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

ಟೀಚರು ಹೋಳುಗಳನ್ನು ಮುಂದಕ್ಕೆ ಹಿಡಿದರು. "ನಿಮಗೆ ಅಂತ ಹಾಕ್ತಿದ್ದೆ. ಮುಗಿಸಿ ಕೈಗೆ ಕೊಟ್ಟು ಆಮೇಲೆ ಮಾತಾಡೋಣ ಅಂದ್ಕೊಂಡಿದ್ದೆ. ಕೈ ಮುರೀತು, ಇವರು ಹಾಕಿದರು. ಎರಡೂ ಎಡ ಆಗಿದೆ. ಯಾಕೆ ಅಂತ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅಳಿಯ ಎರಡನ್ನೂ ತೆಗೆದುಕೊಂಡು ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದರು. ಬಗ್ಗಿ ನೋಡಿದರು. ಒಂದನ್ನು ಮಗುಚಿದರು, ಮತ್ತೆ ಸರಿಮಾಡಿದರು. ಟೀಚರ ಪ್ಲಾಸ್ಟರಿನ ಕೈ ಕಡೆ ಒಮ್ಮೆ ನೋಡಿದರು.

"ನೀವು ಎಡಗೈಯಲ್ಲಿ ತಾನೇ ಹೆಣೆಯೋದು, ಅತ್ತೆ?"

"ಹೌದು."

"ಮಾವ ಬಲಗೈ. ನೀವು ಸಾಲು ಶುರು ಮಾಡೋದು ಈ ಕಡೆಯಿಂದ, ಅವರು ಆ ಕಡೆಯಿಂದ. ನೀವು ಹೇಳಿದ್ದನ್ನ ಅವರು ಹಾಗೇ ಮಾಡಿದಾರೆ. ಅದೇ ಮಾತು ನಿಮ್ಮ ಕೈಯಲ್ಲಿ ಬಲ ಆಗುತ್ತೆ, ಅವರ ಕೈಯಲ್ಲಿ ಎಡ ಆಗುತ್ತೆ." ತಮ್ಮ ಎರಡು ಅಂಗೈಗಳನ್ನೂ ಎದುರುಬದುರು ಹಿಡಿದು ತೋರಿಸಿದರು. "ನನಗೆ ದಿನಾ ಇದೇ ಕೆಲಸ. ರಬ್ಬರಿನ ಮೇಲೆ ಅಕ್ಷರಾನ ತಿರುಗಿಸಿ ಕೊರೀಬೇಕು. ಸೀದಾ ಕೊರೆದರೆ ಕಾಗದದ ಮೇಲೆ ಉಲ್ಟಾ ಬೀಳುತ್ತೆ."

ಟೀಚರು ಕಣ್ಣು ಕಣ್ಣು ಬಿಟ್ಟು ಆ ಅಂಗೈಗಳನ್ನೇ ನೋಡಿದರು. ನನ್ನ ತಲೆಯಲ್ಲಿ ಅರ್ಧ ಬೆಳಕಾಯಿತು. ಇನ್ನರ್ಧ ಇವತ್ತಿಗೂ ಆಗಿಲ್ಲ.

"ಹಾಗಾದರೆ ಇದು ಅವರ ತಪ್ಪಲ್ಲ."

"ಅಲ್ಲ ಅತ್ತೆ. ನಿಮ್ಮದೂ ಅಲ್ಲ."

"ಇದು ಅಲ್ಲ" ಎಂದರು ಟೀಚರು. "ಅವತ್ತಿನದು ನನ್ನ ತಪ್ಪೇ. ನೀವು ಮೆಟ್ಟಿಲ ಮೇಲಿದೀರಿ ಅಂತ ನನಗೆ ಗೊತ್ತಿತ್ತು. ಕೇಳಿಸಲಿ ಅಂತಲೇ ಜೋರಾಗಿ ಅಂದೆ. ಮೂರು ವರ್ಷದಿಂದ ಅದು ನನ್ನನ್ನ ತಿಂತಿದೆ. ತಪ್ಪಾಯ್ತು. ಒಳಗೆ ಬನ್ನಿ."

ಅಳಿಯ ಹೋಳುಗಳನ್ನು ಜೋಪಾನವಾಗಿ ಮಡಿಚಿ, ಚೀಲ ಎತ್ತಿಕೊಂಡರು. ನಾನು ಕೊಡೆ ಹಿಡಿಯುವುದನ್ನೇ ಮರೆತು ಅವರಿಬ್ಬರ ಹಿಂದೆ ಬಿಸಿಲಲ್ಲೇ ನಡೆದು ಬಂದೆ.

ಒಳಗೆ ಬಂದ ಮೇಲೆ ಇನ್ನೊಂದು ಗೊಂದಲ. ಎರಡು ಎಡಗಳಲ್ಲಿ ಒಂದನ್ನು ಬಿಚ್ಚಿ ಬಲ ಮಾಡಬೇಕು. ಯಾವುದನ್ನು? ಟೀಚರದು ಅಂಗಡಿಯಿಂದ ತಂದಂತೆ ಒಂದೇ ಸಮ. ಮೇಷ್ಟ್ರದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮೇಷ್ಟ್ರು ತಮ್ಮದನ್ನೇ ಮುಂದಕ್ಕೆ ತಳ್ಳಿದರು.

"ನನ್ನದನ್ನ ಬಿಚ್ಚಿ" ಎಂದರು ಟೀಚರು.

"ಹುಚ್ಚಾ ನಿನಗೆ? ಇಷ್ಟು ಚೆನ್ನಾಗಿರೋದನ್ನ?"

"ನಿಮ್ಮದು ಇರಲಿ ಅಂದೆ. ಇನ್ನೊಂದು ಹೋಳೂ ನೀವೇ ಹಾಕಬೇಕಲ್ಲ. ಎರಡೂ ಒಂದೇ ಕೈ ಆಗಲಿ."

ಟೀಚರು ತಮ್ಮ ಹೋಳಿನ ಕೊನೆಯ ಗಂಟನ್ನು ಬಿಡಿಸಿ ಬಲಗೈಯಿಂದ ನೂಲು ಎಳೆಯತೊಡಗಿದರು. ಎದುರು ಕೂತ ಅಳಿಯ ಅದನ್ನು ಉಂಡೆ ಸುತ್ತುತ್ತಿದ್ದರು. ಮಗಳು ಅಮ್ಮನ ಪ್ಲಾಸ್ಟರಿನ ಕೈಗೆ ದಿಂಬು ಕೊಟ್ಟಳು. ಕೆಲಸವಿಲ್ಲದ ಮೇಷ್ಟ್ರು ಬೆನ್ನಿನ ಹೋಳನ್ನು ತೆಗೆದುಕೊಂಡು ಹೋಗಿ ಅಳಿಯನ ಬೆನ್ನಿಗೆ ಹಿಡಿದು ನೋಡಿದರು. ಭುಜದಿಂದ ಭುಜಕ್ಕೆ ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಲ್ವೇ, ಇವರನ್ನ ನೀನು ಸರಿಯಾಗಿ ನೋಡೇ ಇಲ್ಲ. ಅಳತೆ ಹೇಗೆ ಗೊತ್ತಾಯ್ತು?"

ಟೀಚರು ನೂಲಿನಿಂದ ಕಣ್ಣೆತ್ತಲಿಲ್ಲ. "ಹೋದ ವರ್ಷ ಪರೀಕ್ಷೆ ಡ್ಯೂಟಿಗೆ ಇವರೂರಿಗೆ ಹಾಕಿದ್ದರಲ್ಲ, ನಾಲ್ಕು ದಿನ. ಮಧ್ಯಾಹ್ನ ಬಿಡುವಿರ್ತಿತ್ತು. ಅಂಗಡಿ ಎದುರು, ರಸ್ತೆಯಾಚೆ ನಿಂತು ನೋಡ್ಕೊಂಡೆ."

ಅಳಿಯನ ಕೈಯಲ್ಲಿ ಉಂಡೆ ನಿಂತಿತು.

"ನಾನೂ ನಿಮ್ಮನ್ನ ನೋಡಿದೆ ಅತ್ತೆ. ನಾಲ್ಕು ದಿನಾನೂ ನೋಡಿದೆ. ದಾಟಿ ಬರ್ತೀರೇನೋ ಅಂತ ದಿನಾ ಎರಡು ಟೀ ತರಿಸಿಡ್ತಿದ್ದೆ."